ಮೊದಲು ಪ್ರಶ್ನೆ, ಆಮೇಲೆ ವಿಶ್ವವಿದ್ಯಾಲಯ: ಸಾರ್ವಜನಿಕ ಆಡಳಿತ ಮತ್ತು ನಗರ ಅಧ್ಯಯನದ ಸ್ನಾತಕೋತ್ತರ ಪ್ರವೇಶದ ಬಗ್ಗೆ

(ಬಸವನಗುಡಿಯಲ್ಲಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ ಇದು. ಸಭೆಯಲ್ಲಿ ಕೇಳಿಬಂದ ಕೆಲವು ಪ್ರಶ್ನೆಗಳ ಉತ್ತರಗಳನ್ನೂ ಸೇರಿಸಿ ಬರಹಕ್ಕೆ ಇಳಿಸಿದ್ದೇನೆ.)

ನಾವು ಈಗ ಕುಳಿತಿರುವ ಬಸವನಗುಡಿಯಿಂದಲೇ ಮಾತು ಆರಂಭಿಸುತ್ತೇನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸಾಯತೊಡಗಿದ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳು ವೇಗವಾಗಿ ಬೆಳೆದವು. ಇಲ್ಲಿನ ಹಳೆಯ ಮನೆಗಳ ಹಿಂಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳನ್ನು ನೀವು ನೋಡಿರಬಹುದು. ಮನೆಗಳ ನಡುವೆ ಗಾಳಿ ಆಡಬೇಕು, ಹೊಲಸು ಒಯ್ಯುವವರು ಮುಂದಿನ ರಸ್ತೆಗೆ ಬಾರದೆ ಹಿಂದಿನಿಂದಲೇ ಹೋಗಬೇಕು ಎಂದು ಒಂದು ಕಚೇರಿಯಲ್ಲಿ ಕುಳಿತು ಯಾರೋ ಮಾಡಿದ ತೀರ್ಮಾನದ ಗುರುತು ಅದು. ಆ ಹೊಲಸನ್ನು ಯಾವ ಜಾತಿಯವರು ಹೊರಬೇಕು ಎಂಬುದೂ ಆ ತೀರ್ಮಾನದೊಳಗೆ ಮಾತಿಲ್ಲದೆ ಸೇರಿಕೊಂಡಿತ್ತು. ಇಂಥ ತೀರ್ಮಾನಗಳನ್ನು ಯಾರು, ಯಾವ ಅಧಿಕಾರದಿಂದ, ಯಾರ ದುಡ್ಡಿನಲ್ಲಿ, ಯಾರನ್ನು ಕೇಳಿ ಅಥವಾ ಕೇಳದೆ ಮಾಡುತ್ತಾರೆ ಎಂಬ ವಿಚಾರಣೆಯೇ ಸಾರ್ವಜನಿಕ ಆಡಳಿತ ಮತ್ತು ನಗರ ಅಧ್ಯಯನ ಎಂಬ ಎರಡು ವಿಷಯಗಳ ತಿರುಳು.

ಹಲವು ವರ್ಷ ಈ ವಿಷಯಗಳ ಪಾಠ ಹೇಳಿದವಳಾಗಿ, ಪ್ರವೇಶ ಸಂದರ್ಶನಗಳಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತವಳಾಗಿ ನನಗೆ ಎದುರಾಗುವ ಮೊದಲ ಪ್ರಶ್ನೆ ಸದಾ ಒಂದೇ: "ಮೇಡಂ, ಯಾವ ಕಾಲೇಜು ಒಳ್ಳೇದು?" ಪ್ರಶ್ನೆ ತಪ್ಪಲ್ಲ, ಆದರೆ ಕೇಳುವ ಕ್ರಮ ಹಿಂದುಮುಂದಾಗಿದೆ. ನಿಮ್ಮನ್ನು ಬಿಡದೆ ಕಾಡುವ ಸಂಗತಿ ಯಾವುದೆಂದು ಗೊತ್ತಾದರೆ ಅದಕ್ಕೆ ತಕ್ಕ ವಿಭಾಗ, ತಕ್ಕ ಅಧ್ಯಾಪಕರು, ತಕ್ಕ ಊರು ತಾವಾಗಿಯೇ ಕಾಣತೊಡಗುತ್ತವೆ. ಅದು ಗೊತ್ತಿಲ್ಲದೆ ಹತ್ತು ಕಡೆ ಅರ್ಜಿ ಹಾಕಿದವರು ಹತ್ತೂ ಕಡೆ ಒಂದೇ ಮಾತನ್ನು ಹೆಸರು ಬದಲಿಸಿ ಬರೆದಿರುತ್ತಾರೆ; ಓದುವವರಿಗೆ ಅದು ಎರಡನೆಯ ಪ್ಯಾರಾದಲ್ಲೇ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ತನ್ನ ಉದ್ದೇಶ ಪತ್ರವನ್ನು, ಅಂದರೆ ನೀವೆಲ್ಲ ಎಸ್‌ಒಪಿ ಎನ್ನುವ ಬರಹವನ್ನು, ತಿದ್ದಿಕೊಡಿ ಎಂದು ತಂದಿದ್ದಳು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆಗಳ ಜೊತೆಗೆ ಬೃಹತ್ ಬೆಂಗಳೂರಿನೊಳಗೆ ಸೇರಿದ 110 ಹಳ್ಳಿಗಳಲ್ಲಿ ಒಂದರಲ್ಲಿ ಅವಳ ಮನೆ. "ಚಿಕ್ಕಂದಿನಿಂದಲೂ ನಗರೀಕರಣದ ಸವಾಲುಗಳು ನನ್ನನ್ನು ಸೆಳೆದಿವೆ" ಎಂದು ಪತ್ರ ಶುರುವಾಗಿತ್ತು. ಎರಡು ಪುಟ ಓದಿ ಮುಗಿಸಿದ ಮೇಲೂ ಬರೆದವಳು ಬೆಂಗಳೂರಿನವಳೋ ಇನ್ನಾವ ಊರಿನವಳೋ ತಿಳಿಯಲಿಲ್ಲ. ಪತ್ರವನ್ನು ಪಕ್ಕಕ್ಕಿಟ್ಟು, ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದೆ. "ಅಮ್ಮನ್ನ ಕೇಳಬೇಕು" ಎಂದಳು. ಮರುದಿನ ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಳು. ಏಕಾದಶಿ, ಸಂಕಷ್ಟಿ, ರಾಹುಕಾಲಗಳು ಅಚ್ಚಾಗಿದ್ದ ಚೌಕಗಳ ಮೂಲೆಯಲ್ಲಿ ಅವಳ ತಾಯಿ ಪೆನ್ಸಿಲಿನಿಂದ ಗುರುತು ಹಾಕಿದ್ದರು. "ನೀ" ಎಂದಿದ್ದರೆ ಅಂದು ನಲ್ಲಿಯಲ್ಲಿ ನೀರು ಬಂದಿತ್ತು. "ಟ್ಯಾಂ" ಎಂದಿದ್ದರೆ ಟ್ಯಾಂಕರ್ ತರಿಸಿದ್ದರು, ಪಕ್ಕದಲ್ಲಿ ಕೊಟ್ಟ ದುಡ್ಡು. "ಸಿ" ಎಂದರೆ ಗ್ಯಾಸ್ ಸಿಲಿಂಡರ್ ಬಂದ ದಿನ. ಕೆಲವು ಚೌಕಗಳಲ್ಲಿ "ನೀ" ಎಂಬುದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಹಿಂದಿನ ವರ್ಷದ ಕ್ಯಾಲೆಂಡರ್ ಕೂಡ ಮನೆಯ ಅಟ್ಟದಲ್ಲಿ ಇತ್ತಂತೆ. "ಇದು ಅಮ್ಮನ ಲೆಕ್ಕ ಮೇಡಂ, ಇದನ್ನೆಲ್ಲ ಅರ್ಜಿಯಲ್ಲಿ ಬರೆಯೋಕಾಗುತ್ತಾ?" ಎಂದು ಅನುಮಾನದಿಂದಲೇ ಕೇಳಿದಳು.

ಆ ಕ್ಯಾಲೆಂಡರನ್ನು ಮುಂದಿಟ್ಟುಕೊಂಡೇ, ಸಾರ್ವಜನಿಕ ಆಡಳಿತ, ಸಾರ್ವಜನಿಕ ನೀತಿ, ನಗರ ಯೋಜನೆ, ನಗರ ಅಧ್ಯಯನ ಎಂಬ, ಕೇಳಲು ಒಂದೇ ಥರ ಅನ್ನಿಸುವ ನಾಲ್ಕು ಪದವಿಗಳ ನಡುವಿನ ಅಂತರವನ್ನು ಹೇಳುತ್ತೇನೆ, ಏಕೆಂದರೆ ಅರ್ಜಿ ಹಾಕುವವರಲ್ಲಿ ಬಹಳಷ್ಟು ಮಂದಿ ಎಡವುವುದು ಇಲ್ಲಿಯೇ.

ಆ ಬೀದಿಯ ಕೊಳವೆಬಾವಿ ಪಾಲಿಕೆಯ ಲೆಕ್ಕದಲ್ಲಿತ್ತು. ಕಾವೇರಿ ನೀರಿನ ಕೊಳವೆ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯದು. ಮಂಡಳಿ ರಾಜ್ಯ ಸರ್ಕಾರದ ಅಧೀನ. ಹಾಗಿದ್ದರೆ "ನೀ" ಎಂಬ ಗುರುತಿಲ್ಲದ ಚೌಕಗಳಿಗೆ ಉತ್ತರ ಹೇಳಬೇಕಾದವರು ಯಾರು? 1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿತು. ನೀರು ಸರಬರಾಜು ಅವುಗಳಲ್ಲಿ ಒಂದು. ಆದರೂ ಬೆಂಗಳೂರಿನಲ್ಲಿ ಅದು ಚುನಾಯಿತ ಪಾಲಿಕೆಯ ಕೈಗೆ ಬರಲಿಲ್ಲ. ಕಾನೂನು ಒಂದು ಹೇಳಿ ವ್ಯವಸ್ಥೆ ಇನ್ನೊಂದಾಗಿ ನಡೆಯುವುದು ಹೇಗೆ, ಹೊಣೆ ಎಲ್ಲಿ ಜಾರಿಹೋಗುತ್ತದೆ, ಕಡತ ಯಾವ ಮೇಜಿನಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳುವವರು ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳು. ಮುಂದೆ ಅಮೆರಿಕದ ಅಧ್ಯಕ್ಷರಾದ ವುಡ್ರೊ ವಿಲ್ಸನ್ 1887ರಲ್ಲಿ ಬರೆದ ಒಂದು ಪ್ರಬಂಧದಿಂದ ಈ ವಿಷಯದ ಚರಿತ್ರೆಯನ್ನು ಸಾಮಾನ್ಯವಾಗಿ ಆರಂಭಿಸುತ್ತಾರೆ. ಯುಪಿಎಸ್‌ಸಿ ಪರೀಕ್ಷೆಗೆ ಐಚ್ಛಿಕವಾಗಿ ಓದಿದವರಿಗೆ ಅದು ಬಾಯಿಪಾಠ. ಆದರೆ ಸ್ನಾತಕೋತ್ತರ ಅಧ್ಯಯನಕ್ಕೆ ಬಾಯಿಪಾಠ ಸಾಲದು, ನಿಮ್ಮ ವಾರ್ಡ್ ಕಚೇರಿ ಬೇಕು.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು. ಅದರಿಂದ "ಟ್ಯಾಂ" ಪಕ್ಕದ ಮೊತ್ತ ಇಳಿಯಿತೇ, ಅಥವಾ ದರ ಇಳಿದು ಟ್ಯಾಂಕರ್ ಬರುವುದೇ ತಡವಾಯಿತೇ ಎಂದು ಅಳೆಯಲು ಹೊರಟರೆ ನೀವು ಸಾರ್ವಜನಿಕ ನೀತಿಯ ಕಡೆಗೆ ಹೊರಟಿದ್ದೀರಿ; ಅಲ್ಲಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳ ಭಾರ ಹೆಚ್ಚು. ಬಡಾವಣೆ ಎದ್ದು ಇಷ್ಟು ವರ್ಷವಾದರೂ ಕೊಳವೆಯ ನೀರು ಏಕೆ ಸಾಲುತ್ತಿಲ್ಲ, ನಗರ 2015ಕ್ಕೆಂದು ಮಾಡಿದ ಮಹಾಯೋಜನೆಯ ಮೇಲೆಯೇ ನಿಂತು 2031ರ ಕರಡು ಜಾರಿಯಾಗದೆ ಹೋದದ್ದು ಏಕೆ ಎಂಬುದು ನಗರ ಯೋಜನೆಯ ಪ್ರಶ್ನೆ. ಅದಕ್ಕೆ ನಕ್ಷೆ ಓದುವ, ಬರೆಯುವ ತಾಂತ್ರಿಕ ತರಬೇತಿ ಬೇಕು.

ನಗರ ಅಧ್ಯಯನ ಇವೆಲ್ಲಕ್ಕಿಂತ ಸಡಿಲ, ನನ್ನ ಮನಸ್ಸಿಗೆ ಇವೆಲ್ಲಕ್ಕಿಂತ ಹತ್ತಿರ. ಆ ಹಳ್ಳಿಯಲ್ಲಿ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ನೀರಗಂಟಿ ಒಂದು ಕಾಲದಲ್ಲಿ ಇದ್ದ. ಈಗ ಕೆರೆಯ ಸುತ್ತ ಬೇಲಿ, ಗದ್ದೆಯ ಜಾಗದಲ್ಲಿ ಸೈಟುಗಳು, ಬೀದಿಯ ಕೊನೆಯಲ್ಲಿ ವಾಲ್ವ್ ತಿರುಗಿಸುವ ವಾಟರ್‌ಮ್ಯಾನ್. ನೀರಗಂಟಿಯನ್ನು ಊರೇ ಪ್ರಶ್ನಿಸಬಹುದಾಗಿತ್ತು. ವಾಟರ್‌ಮ್ಯಾನ್‌ಗೆ ಫೋನ್ ಮಾಡುವ ಧೈರ್ಯ, ಅವನ ನಂಬರ್, ಅವನಿಗೆ ಕಾಫಿಗೆಂದು ಕೊಡುವ ಚಿಲ್ಲರೆ ಯಾರ ಬಳಿ ಇರುತ್ತದೆ? ನೀರು ಹಿಡಿಯಲು ಮನೆಯಲ್ಲಿ ಉಳಿಯುವವರು ಯಾರು, ಅದಕ್ಕಾಗಿ ಅವರು ಬಿಟ್ಟ ಕೆಲಸ ಯಾವುದು? ಹಳ್ಳಿಯೊಂದು ವಾರ್ಡ್ ಆಗುವುದು ಸರ್ಕಾರದ ಅಧಿಸೂಚನೆಯಲ್ಲಿ ಒಂದು ದಿನದ ಕೆಲಸ. ಅಲ್ಲಿ ಬದುಕುವವರಿಗೆ ಅದು ಒಂದು ತಲೆಮಾರಿನ ಕೆಲಸ. ಇದನ್ನು ಸಮಾಜಶಾಸ್ತ್ರ, ಭೂಗೋಳ, ಚರಿತ್ರೆಗಳ ಕಣ್ಣಿನಿಂದ ನೋಡುವುದೇ ನಗರ ಅಧ್ಯಯನ.

ಒಂದೇ ಕ್ಯಾಲೆಂಡರ್ ನಾಲ್ಕು ಪದವಿಗಳಿಗೆ ದಾರಿ ತೋರಿಸುತ್ತದೆ ಎಂದರೆ, ಆಯ್ಕೆ ಮಾಡಬೇಕಾದವರು ನೀವೇ. ಮುಂದೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಲ್ಲಿ ಯೋಜಕರ ಹುದ್ದೆ ಬೇಕೆಂದಿದ್ದರೆ ನೇಮಕಾತಿ ನಿಯಮ ಕೇಳುವ ತಾಂತ್ರಿಕ ಪದವಿಯೇ ಬೇಕು. ನಗರ ಅಧ್ಯಯನದ ಎಂ.ಎ. ಅಲ್ಲಿ ನಡೆಯದು. ಇದನ್ನು ಓದು ಮುಗಿದ ಮೇಲೆ ತಿಳಿದುಕೊಂಡು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಇನ್ನು ಓದುವ ಜಾಗಗಳ ವಿಷಯ. ನಮ್ಮ ನಾಗರಬಾವಿಯಲ್ಲೇ ರಾಷ್ಟ್ರೀಯ ಕಾನೂನು ಶಾಲೆ 2014ರಿಂದ ಎರಡು ವರ್ಷದ ಸಾರ್ವಜನಿಕ ನೀತಿ ಸ್ನಾತಕೋತ್ತರ ಪದವಿ ನಡೆಸುತ್ತಿದೆ. ಅದಕ್ಕೆ ಕಾನೂನು ಪದವಿ ಬೇಕಿಲ್ಲ, ಎನ್‌ಎಲ್‌ಸ್ಯಾಟ್ ಎಂಬ ಅವರದೇ ಪ್ರವೇಶ ಪರೀಕ್ಷೆ ಇದೆ. ಅದರ ಹತ್ತಿರದಲ್ಲೇ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಐಸೆಕ್, ಮುಂದೆ ಪಿಎಚ್.ಡಿ. ಮಾಡಬೇಕೆನ್ನುವವರು ಈಗಿನಿಂದಲೇ ಹೋಗಿ ಗ್ರಂಥಾಲಯದಲ್ಲಿ ಕೂರಬೇಕಾದ ಜಾಗ. ಸದಾಶಿವನಗರದಲ್ಲಿ ಐಐಎಚ್‌ಎಸ್, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್, ಇದೆ. ನಗರದ ವಿಷಯವನ್ನೇ ಹಿಡಿದು ಕೆಲಸ ಮಾಡುವ ಸಂಸ್ಥೆ ಅದು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಗರ ನೀತಿ ಮತ್ತು ಆಡಳಿತದಲ್ಲಿಯೇ ಎಂ.ಎ. ಪದವಿ ರೂಪಿಸಿದೆ, ಅಲ್ಲಿಗೆ ಹೋಗಲು ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಯೋಜನೆಗೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ, ದೆಹಲಿ, ಭೋಪಾಲ್, ವಿಜಯವಾಡಗಳ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳು ಪ್ರಮುಖ. ಅನೇಕ ಕಡೆ ಗೇಟ್ ಎಂಬ ರಾಷ್ಟ್ರಮಟ್ಟದ ತಾಂತ್ರಿಕ ಪರೀಕ್ಷೆಯ ಅಂಕ ಕೇಳುತ್ತಾರೆ, ಮತ್ತು ಗೇಟ್‌ನಲ್ಲಿ ವಾಸ್ತುಶಿಲ್ಪ ಮತ್ತು ಯೋಜನೆಗೆ ಪ್ರತ್ಯೇಕ ಪತ್ರಿಕೆಯೇ ಇದೆ. ಬಿ.ಎ. ಮಾತ್ರ ಮುಗಿಸಿದವರಿಗೆ ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ; ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಎಂ.ಎ. ಮಾಡಿದವರಿಗೆ ಕೆಲವೆಡೆ ಅವಕಾಶವಿದೆ. ಕೆಲಸ ಬಿಡಲಾಗದವರು, ಮನೆ ನಡೆಸಬೇಕಾದವರು ಇಲ್ಲಿ ಇರಬಹುದು. ಅವರು ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋದ ಸಾರ್ವಜನಿಕ ಆಡಳಿತ ಎಂ.ಎ.ಯನ್ನು ಕಡಿಮೆ ಎಂದು ಭಾವಿಸಬೇಕಾಗಿಲ್ಲ. ಪಾಲಿಕೆಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿದ್ದುಕೊಂಡು ಅಂಚೆ ಶಿಕ್ಷಣದಲ್ಲಿ ಓದಿದವರು, ತರಗತಿಯಲ್ಲಿ ಕುಳಿತು ಓದಿದವರಿಗಿಂತ ಚೆನ್ನಾಗಿ ಬಜೆಟ್ ಓದುವುದನ್ನು ಕಂಡಿದ್ದೇನೆ.

ಹೊರದೇಶದ ಬಗ್ಗೆ ಬಹಳ ಕುತೂಹಲವಿದೆ ಎಂದು ಬಲ್ಲೆ. ಅಮೆರಿಕದಲ್ಲಿ ಎಂಪಿಎ ಎಂಬ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿಗೆ ಉದ್ದದ ಚರಿತ್ರೆಯಿದೆ; ಸಿರಕ್ಯೂಸ್‌ನ ಮ್ಯಾಕ್ಸ್‌ವೆಲ್ ಶಾಲೆ 1924ರಲ್ಲೇ ಆರಂಭವಾಯಿತು. ಯುರೋಪಿನಲ್ಲಿ ಬ್ರಸೆಲ್ಸ್, ವಿಯೆನ್ನಾ, ಕೋಪನ್‌ಹೇಗನ್, ಮ್ಯಾಡ್ರಿಡ್ ನಾಲ್ಕೂ ನಗರಗಳಲ್ಲಿ ಓದಿಸುವ 4ಸಿಟೀಸ್ ಎಂಬ ನಗರ ಅಧ್ಯಯನ ಪದವಿ ಇದೆ. ಆದರೆ ಹೊರದೇಶದ ಮಾತು ಬಂದರೆ ಮೊದಲು ಹಣದ ಮಾತೇ ಆಗಬೇಕು. ಪ್ರಿನ್ಸ್‌ಟನ್‌ನಂತೆ ಎಂಪಿಎ ವಿದ್ಯಾರ್ಥಿಗಳ ಬೋಧನಾ ಶುಲ್ಕವನ್ನು ತಾನೇ ಭರಿಸುವ ವಿಶ್ವವಿದ್ಯಾಲಯಗಳು ಅಪರೂಪ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಎಂದರೆ ಸುಮಾರು ಎರಡು ವರ್ಷದ, ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇರಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ಇವುಗಳ ಅರ್ಹತೆ, ಕೊನೆಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆದ್ದರಿಂದ ಇಲಾಖೆಯ ಪ್ರಕಟಣೆಯನ್ನೇ ಓದಿ, ಗೆಳೆಯರು ಹೇಳಿದ್ದನ್ನು ನಂಬಬೇಡಿ. ಮನೆಯ ಪತ್ರ ಅಡವಿಟ್ಟು ಸಾಲ ಮಾಡುವ ಮುನ್ನ ಒಂದು ಲೆಕ್ಕ ಹಾಕಿ: ಈ ಕ್ಷೇತ್ರದ ಮೊದಲ ಸಂಬಳ ಸಾಫ್ಟ್‌ವೇರ್ ಸಂಬಳದಂತಲ್ಲ. ಡಾಲರಿನಲ್ಲಿ ಓದಿ ರೂಪಾಯಿಯಲ್ಲಿ ಕಂತು ಕಟ್ಟುವ ಭಾರವನ್ನು ತಂದೆತಾಯಿಯರ ಮುಂದೆ ಕಾಗದದ ಮೇಲೆ ಬರೆದು ತೋರಿಸಿ.

ಉದ್ದೇಶ ಪತ್ರಕ್ಕೆ ಮರಳುತ್ತೇನೆ, ಏಕೆಂದರೆ ಪರೀಕ್ಷೆಯ ಅಂಕಗಳ ನಂತರ ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ. ಆ ಹುಡುಗಿ ಎರಡನೆಯ ಬಾರಿ ಬರೆದು ತಂದಾಗ ಪತ್ರ ಕ್ಯಾಲೆಂಡರಿನಿಂದ ಶುರುವಾಗಿತ್ತು. ಎರಡು ವರ್ಷದ ಚೌಕಗಳನ್ನು ಎಣಿಸಿ, ತಿಂಗಳುವಾರು ಪಟ್ಟಿ ಮಾಡಿ, ಅದೇ ಬೀದಿಯ ಮೇಲ್ಗಡೆಯ ಒಂದು ಮನೆಯಲ್ಲೂ ಕೇಳಿ ಹೋಲಿಸಿದ್ದಳು. ಮೇಲ್ಗಡೆಯ ಮನೆಗೆ ನೀರು ಕಡಿಮೆ ಬಂದಿರಬೇಕು ಎಂದು ಅವಳ ಊಹೆ. ಹೋಲಿಸಿದಾಗ ಅದು ಸುಳ್ಳಾಯಿತು. ಏಕೆ ಹಾಗಾಯಿತು ಎಂದು ತನಗೆ ಗೊತ್ತಿಲ್ಲ, ವಾಲ್ವ್ ತಿರುಗಿಸುವ ಕ್ರಮ, ರಾಜಕೀಯ ಪ್ರಭಾವ, ಕೊಳವೆಯ ಅಳತೆ ಈ ಮೂರರಲ್ಲಿ ಯಾವುದು ಕಾರಣವೆಂದು ತಿಳಿಯಲು ಯಾವ ವಿಧಾನ ಕಲಿಯಬೇಕೋ ಅದನ್ನು ಕಲಿಯಲು ಬರುತ್ತಿದ್ದೇನೆ ಎಂದು ಬರೆದಿದ್ದಳು. ಆ ವಿಭಾಗದ ಯಾವ ಎರಡು ಪತ್ರಿಕೆಗಳು ಅದನ್ನು ಕಲಿಸುತ್ತವೆ ಎಂಬುದನ್ನೂ ಪಠ್ಯಕ್ರಮ ನೋಡಿ ಹೆಸರಿಸಿದ್ದಳು. ಒಳ್ಳೆಯ ಉದ್ದೇಶ ಪತ್ರಕ್ಕೆ ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದಿಲ್ಲ. ತನ್ನ ಊಹೆ ತಪ್ಪಾಯಿತು ಎಂದು ಬರೆಯುವ ಧೈರ್ಯವಿರುವ ಅರ್ಜಿ ನೂರರಲ್ಲಿ ಒಂದೆರಡು ಸಿಕ್ಕರೆ ಹೆಚ್ಚು. ಈಚೆಗೆ ಯಂತ್ರದಿಂದ ಬರೆಸಿದ ಪತ್ರಗಳೂ ಬರುತ್ತಿವೆ. ಅವುಗಳಲ್ಲಿ ಭಾಷೆ ನುಣುಪಾಗಿರುತ್ತದೆ, ಬೀದಿ ಮಾತ್ರ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಕ್ಯಾಲೆಂಡರ್ ಇಲ್ಲದಿರಬಹುದು. ಕಂದಾಯದ ರಸೀದಿ ಇರಬಹುದು, ಸಕ್ರಮವಾಗದ ಆಸ್ತಿಗೆ ಪಾಲಿಕೆ ಕೊಡುವ ಬಿ ಖಾತಾದ ಪತ್ರ ಇರಬಹುದು, ಪೌರಕಾರ್ಮಿಕರಾದ ಅಜ್ಜಿಯ ಹಾಜರಿ ಪುಸ್ತಕ ಇರಬಹುದು, ಬಿಎಂಟಿಸಿ ಪಾಸುಗಳ ಕಟ್ಟು ಇರಬಹುದು. ಇವುಗಳ ಜೊತೆಗೆ ನಗರದ ಇಂದಿನ ಸ್ಥಿತಿಯನ್ನೂ ನೋಡಿ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ, ಬಿಬಿಎಂಪಿ ಇರುವ ತನಕ ಅದಕ್ಕೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. ನಿಮ್ಮಲ್ಲಿ ಹಲವರು ಹದಿನೆಂಟು ತುಂಬಿದ ಮೇಲೂ ಅದಕ್ಕೆ ಒಂದು ಸಲವೂ ಮತ ಹಾಕಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳೂ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಬಂದವು. ಒಂದು ನಗರದ ಆಡಳಿತ ಹೀಗೆ ಕಣ್ಣೆದುರೇ ಕಳಚಿ ಮರುಜೋಡಣೆಯಾಗುವುದನ್ನು ನೋಡುವ ಅವಕಾಶ ಓದುವವರಿಗೆ ಎಲ್ಲ ಕಾಲದಲ್ಲೂ ಸಿಗುವುದಿಲ್ಲ. ನಿಮ್ಮ ಬೀದಿಯ ದೂರು ಈಗ ಯಾವ ಕಚೇರಿಗೆ ಹೋಗುತ್ತದೆ ಎಂದು ಒಮ್ಮೆ ಹಿಂಬಾಲಿಸಿ ನೋಡಿ, ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಿ. ಬಂದ ಉತ್ತರ, ಬಾರದ ಉತ್ತರ, ಎರಡೂ ನಿಮ್ಮ ಪತ್ರಕ್ಕೆ ಸಾಮಗ್ರಿ.

ಶಿಫಾರಸು ಪತ್ರಗಳ ಬಗ್ಗೆ ಒಂದು ಮಾತು. "ನೀವೇ ಬರೆದುಕೊಂಡು ಬನ್ನಿ, ಸಹಿ ಹಾಕ್ತೀನಿ" ಎನ್ನುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಒಮ್ಮೆ ನಾನಿದ್ದ ಆಯ್ಕೆ ಸಮಿತಿಗೆ ಒಂದೇ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳ ಬಗ್ಗೆ ಒಬ್ಬರೇ ಅಧ್ಯಾಪಕರಿಂದ ಅಕ್ಷರಶಃ ಒಂದೇ ಪತ್ರ ಬಂದಿತ್ತು. ಒಂದರಲ್ಲಿ ಹೆಸರು ಬದಲಿಸುವುದನ್ನೂ ಮರೆತಿದ್ದರು. ಇಬ್ಬರೂ ಮಕ್ಕಳು ಜಾಣರು, ಇಬ್ಬರಿಗೂ ನಷ್ಟವಾಯಿತು. ದೊಡ್ಡ ಹುದ್ದೆಯವರ ಎರಡು ಸಾಲಿಗಿಂತ, ನಿಮ್ಮ ಪ್ರಬಂಧವನ್ನು ತಿದ್ದಿದ ಅಧ್ಯಾಪಕರ, ಅಥವಾ ನೀವು ಆರು ತಿಂಗಳು ಕೆಲಸ ಮಾಡಿದ ಸಂಘಟನೆಯವರ ಒಂದು ಪುಟ ಹೆಚ್ಚು ತೂಗುತ್ತದೆ. ಕನಿಷ್ಠ ಒಂದೂವರೆ ತಿಂಗಳು ಮೊದಲೇ ಕೇಳಿ, ಜೊತೆಗೆ ನಿಮ್ಮ ಉದ್ದೇಶ ಪತ್ರದ ಕರಡನ್ನೂ ಕೊಡಿ.

ಕಾಗದಪತ್ರಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ವಿಶ್ವವಿದ್ಯಾಲಯ ಕೊಡುವ ಅಂಕಗಳ ಅಧಿಕೃತ ದಾಖಲೆಗೆ, ಈಗಲೇ ಅರ್ಜಿ ಹಾಕಿ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿದ್ದರಿಂದ, ನಿಮ್ಮ ಅಕ್ಕ, ಅಣ್ಣಂದಿರ ಅಂಕಪಟ್ಟಿ ಒಂದು ಕಡೆ ಇದ್ದರೆ ನಿಮ್ಮದು ಇನ್ನೊಂದು ಕಡೆ ಇರಬಹುದು. ಹೊರದೇಶದ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಅಂಕ ಐದು ವರ್ಷ, ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕ ಎರಡು ವರ್ಷ ಚಾಲ್ತಿಯಲ್ಲಿರುತ್ತವೆ. ಅಮೆರಿಕದ ಬಹುತೇಕ ಕೊನೆಯ ದಿನಾಂಕಗಳು ಹಿಂದಿನ ಡಿಸೆಂಬರ್, ಜನವರಿಯಲ್ಲೇ ಮುಗಿಯುತ್ತವೆ.

ಸಭೆಯಲ್ಲಿ ಒಬ್ಬರು, ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಕೈ ಓಡುವುದಿಲ್ಲ ಎಂದು ಕೇಳಿದರು. ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ ಎಂಬುದು ನನ್ನ ಸಲಹೆ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಖಾತಾ, ಕಂದಾಯ, ರಾಜಕಾಲುವೆ, ಗೋಮಾಳ, ಒತ್ತುವರಿ ಎಂಬ ಮಾತುಗಳಲ್ಲಿ ಈ ನಗರದ ಕಾನೂನು, ಚರಿತ್ರೆ ಎರಡೂ ಅಡಗಿವೆ. ಅವುಗಳೊಳಗಿಂದ ಯೋಚಿಸುವವರಿಗೆ ಸಿಗುವ ಸ್ಪಷ್ಟತೆ ಹೊರಗಿನವರಿಗೆ ವರ್ಷಗಟ್ಟಲೆ ಓದಿದರೂ ಸಿಗುವುದು ಕಷ್ಟ. ಆಮೇಲೆ ಸಣ್ಣ ಸಣ್ಣ ವಾಕ್ಯಗಳ ಇಂಗ್ಲಿಷಿಗೆ ತನ್ನಿ, ಗೋಮಾಳವನ್ನು ಗೋಮಾಳವೆಂದೇ ಬರೆದು ಒಂದು ಸಾಲಿನಲ್ಲಿ ವಿವರಿಸಿ.

ಇನ್ನೊಬ್ಬರು ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದರು. ಆ ಹುಡುಗಿಗೆ ಏನು ಕೇಳಿದರು ಎಂಬುದನ್ನು, ಅವಳೇ ಬಂದು ನನಗೆ ಹೇಳಿದಂತೆ, ಹೇಳುತ್ತೇನೆ. ಕ್ಯಾಲೆಂಡರಿನ ಒಂದು ಹಾಳೆಯನ್ನು ಅವಳು ಜೊತೆಗೆ ಒಯ್ದಿದ್ದಳು. ಸಮಿತಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನೀ" ಮುಂದಿನ ಪ್ರಶ್ನಾರ್ಥಕ ಚಿಹ್ನೆ ಏನು ಎಂದು ಕೇಳಿದರು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದ ದಿನಗಳು ಅವು, ನೀರು ಬಂದಿತ್ತು ಎಂದು ಪಕ್ಕದ ಮನೆಯವರು ಹೇಳಿದ್ದು, ತಾನು ಕಾಣದ್ದಕ್ಕೆ ಅಮ್ಮ ಹಾಗೆ ಬರೆಯುತ್ತಾರೆ ಎಂದಳು. ಹಾಗಾದರೆ ಆ ದಿನಗಳನ್ನು ನಿಮ್ಮ ಪಟ್ಟಿಯಲ್ಲಿ ನೀರು ಬಂದ ದಿನಗಳೆಂದು ಎಣಿಸಿದಿರೋ, ಬಾರದ ದಿನಗಳೆಂದೋ ಎಂದು ಅವರು ಮತ್ತೆ ಕೇಳಿದರು. ಸ್ವಲ್ಪ ಹೊತ್ತು ಯೋಚಿಸಿ, ಮಂಡಳಿಯ ಲೆಕ್ಕಕ್ಕೆ ಅದು ನೀರು ಬಂದ ದಿನ, ನಮ್ಮ ಮನೆಯ ಲೆಕ್ಕಕ್ಕೆ ಬಾರದ ದಿನ, ಆದ್ದರಿಂದ ಎರಡು ಕಾಲಂ ಮಾಡಿದ್ದೇನೆ ಎಂದು ಅವಳು ಹೇಳಿದಳಂತೆ. ಸಂದರ್ಶನದ ಉಳಿದ ಹೊತ್ತೆಲ್ಲ ಆ ಎರಡನೆಯ ಕಾಲಂ ಬಗ್ಗೆಯೇ ನಡೆಯಿತು.